ಗಡಿಯಾರವಿಲ್ಲದ ಪೆಟ್ಟಿಗೆ

ಒಂದು ಕತೆಯನ್ನು ನಾನು ಹಲವು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಕಾಲೇಜುಗಳಲ್ಲಿ ಹೇಳಿದ್ದೇನೆ, ತಂತ್ರಾಂಶ ಬರೆಯುವವರ ಕೂಟಗಳಲ್ಲಿ ಹೇಳಿದ್ದೇನೆ, ಈಗಿನ ಕೆಲಸದ ಸಂದರ್ಶನದಲ್ಲೂ ಹೇಳಿದ್ದೇನೆ.

ಮಟ್ಟಾಂಚೇರಿಯಲ್ಲಿ ಶುಂಠಿ ಗೋದಾಮೊಂದರ ಮಾಳಿಗೆಯ ಮೇಲೆ ಒಂದು ವಾಚನಾಲಯ. ಅಲ್ಲಿ ನಾವು ಇಟ್ಟ ಅಂಗೈಯಗಲದ ಪೆಟ್ಟಿಗೆ. ಅದರೊಳಗೆ ಸಾವಿರಾರು ಪುಸ್ತಕ. ಇಂಟರ್ನೆಟ್ ಬೇಕಿಲ್ಲ, ಹತ್ತಿರ ಕೂತು ಫೋನನ್ನು ಅದರ ವೈಫೈಗೆ ಸೇರಿಸಿದರೆ ಸಾಕು. ತೊಂದರೆ ಒಂದೇ. ಕರೆಂಟು ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ತನ್ನ ಪುಸ್ತಕಗಳ ಪಟ್ಟಿಯನ್ನು ಮೊದಲಿಂದ ಮಾಡಲು ಕೂರುತ್ತಿತ್ತು. ಅರ್ಧ ದಿನ ಯಾರಿಗೂ ಏನೂ ಸಿಗುತ್ತಿರಲಿಲ್ಲ. ಕಾರಣ ಹೊಳೆಯದೆ ವಾರಗಟ್ಟಲೆ ಒದ್ದಾಡಿದೆವು. ಒಂದು ಮಧ್ಯಾಹ್ನ ನಾನು ಸುಮ್ಮನೆ ತಲೆಯೆತ್ತಿ ಗೋಡೆಯ ಕ್ಯಾಲೆಂಡರ್ ನೋಡಿದೆ, ಆಮೇಲೆ ಪರದೆ ನೋಡಿದೆ. ಗೋಡೆಯಲ್ಲಿ ಜೂನ್, ಪೆಟ್ಟಿಗೆಯಲ್ಲಿ ಇನ್ನೂ ಫೆಬ್ರವರಿ.

ಇಲ್ಲಿ ಕೇಳುವವರು ನಗುತ್ತಾರೆ. ನಾನು ಎರಡು ಕ್ಷಣ ಸುಮ್ಮನಿದ್ದು ವಿವರಿಸುತ್ತೇನೆ. ಅಷ್ಟು ಅಗ್ಗದ ಪೆಟ್ಟಿಗೆಯೊಳಗೆ ಗಡಿಯಾರವೇ ಇರುವುದಿಲ್ಲ. ಬೇರೆ ಯಂತ್ರಗಳು ಇಂಟರ್ನೆಟ್ಟನ್ನು ಕೇಳಿ ಹೊತ್ತು ತಿಳಿದುಕೊಳ್ಳುತ್ತವೆ; ಇದಕ್ಕೆ ಆ ದಾರಿಯೂ ಇಲ್ಲ. ಕರೆಂಟು ಹೋದರೆ ಅದರ ಕಾಲ ಹಿಂದಕ್ಕೆ ಜಾರುತ್ತದೆ. ತಾನು ಕಳೆದ ಸಲ ನೋಡಿದ್ದಕ್ಕಿಂತ ಈಚಿನ ತಾರೀಕು ಇರುವ ಪುಸ್ತಕವೆಲ್ಲ ಹೊಸದು ಎಂದು ಲೆಕ್ಕ ಹಾಕುವ ತಂತ್ರಾಂಶಕ್ಕೆ ಆಗ ಎಲ್ಲ ಪುಸ್ತಕವೂ ಹೊಸದಾಗಿ ಕಾಣುತ್ತದೆ. ಪರಿಹಾರ ಹನ್ನೊಂದು ಸಾಲು: ತಾರೀಕು ನೋಡಬೇಡ, ಪುಸ್ತಕದ ಒಳಗನ್ನು ನೋಡಿ ಗುರುತು ಹಿಡಿ. ಆ ತಂತ್ರಾಂಶ ಮುಕ್ತವಾದದ್ದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ನಮ್ಮ ಹನ್ನೊಂದು ಸಾಲನ್ನು ಅದನ್ನು ನಡೆಸುವವರು ಒಪ್ಪಿಕೊಂಡರು. ಯಾವ ಸಾಲನ್ನು ಯಾರು ಕಳಿಸಿದರು ಎಂಬ ದಾಖಲೆಯಲ್ಲಿ ಅವುಗಳ ಪಕ್ಕ ನನ್ನ ಹೆಸರಿದೆ.

ಕಳೆದ ವರ್ಷ ಒಂದು ಸೋಮವಾರ ಬೆಳಿಗ್ಗೆ, ಕಾಕ್ಕನಾಡಿನ ಆಫೀಸಿಗೆ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದಾಗ ಆಕೆಯ ಫೋನ್ ಬಂತು. ತಿರುವನಂತಪುರದ ಶ್ರೀಕಾರ್ಯಂನ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಸಹಪಾಠಿ. ಇಬ್ಬರೂ ಕಾಸರಗೋಡಿನ ಕಡೆಯವರು. ತರಗತಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮಗಿಬ್ಬರಿಗೇ. ಆ ಪೆಟ್ಟಿಗೆಯನ್ನು ಮಟ್ಟಾಂಚೇರಿಯಲ್ಲಿ ಇಟ್ಟದ್ದೂ ನಾವಿಬ್ಬರೇ. ನಾನು ಹೇಳುವ ಕತೆಯಲ್ಲಿ ಆಕೆ 'ನಾವು' ಎಂಬ ಮಾತಿನೊಳಗೆ ಇರುತ್ತಾಳೆ, ಕ್ಯಾಲೆಂಡರಿನ ಹೊತ್ತಿಗೆ ಇರುವುದಿಲ್ಲ.

ಆಕೆ ಈಗಲೂ ಶ್ರೀಕಾರ್ಯಂನಲ್ಲೇ ಇದ್ದಳು, ಒಂದು ಕಚೇರಿಯಲ್ಲಿ ವರ್ಷವರ್ಷಕ್ಕೆ ನವೀಕರಿಸುವ ಗುತ್ತಿಗೆ ಕೆಲಸ. ಇಂಥ ಗ್ರಂಥಾಲಯಗಳನ್ನೇ ನೋಡಿಕೊಳ್ಳುವ ಒಂದು ಹುದ್ದೆಗೆ ಅರ್ಜಿ ಹಾಕುತ್ತಿದ್ದಳು. ತಾನೇ ಬರೆದು, ಒಪ್ಪಿಗೆ ಪಡೆದ ಒಂದು ತಿದ್ದುಪಡಿಯನ್ನಾದರೂ ತೋರಿಸಬೇಕು. ಶುಕ್ರವಾರ ಕಡೆಯ ದಿನ.

"ಆ ಹನ್ನೊಂದು ಸಾಲು ನಾನು ಬರೆದದ್ದು. ನಿನ್ನ ಲ್ಯಾಪ್‌ಟಾಪಲ್ಲಿ ಬರೆದೆ, ಹಾಗಾಗಿ ನಿನ್ನ ಹೆಸರು ಬಿತ್ತು. ಅದೊಂದು ಸರಿ ಮಾಡಿಸಿ ಕೊಡು."

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಆಗ ಬೇಕಾಗಿರಲಿಲ್ಲ, ಈಗ ಬೇಕು ಎಂದಳು. ನನಗೆ ಹಾಗೆ ನೆನಪಿಲ್ಲ, ನೆನಪಿಲ್ಲದ್ದನ್ನು ಹೇಗೆ ಬರೆದು ಕೊಡುವುದು ಎಂದೆ.

"ನೆನಪಿಲ್ಲ ಅಂತಲೇ ಬರಿ ಮಾರಾಯ. ಇಷ್ಟು ವರ್ಷ ನೆನಪುಂಟು ಅಂತ ಊರಿಡೀ ಹೇಳಿಕೊಂಡು ಬರಲಿಲ್ಲವಾ?"

ಬಸ್ಸು ನನ್ನ ನಿಲ್ದಾಣ ದಾಟಿ ಹೋಗಿತ್ತು.

ಎಲ್ಲದಕ್ಕೂ ಪುರಾವೆ ಕೇಳುವವನು ಎಂದು ನನಗೆ ಕಾಲೇಜಿನಿಂದಲೂ ಹೆಸರು. ಜಾತಕ ತಂದವರ ಹತ್ತಿರ ಜಗಳ, ಆಯುರ್ವೇದದ ಎಣ್ಣೆ ತಂದವರ ಹತ್ತಿರ ಜಗಳ. ಆ ದಿನ ಆಫೀಸಿನಲ್ಲಿ ಕೂತು ನನ್ನ ಕತೆಗೆ ಪುರಾವೆ ಹುಡುಕಿದೆ. ಮೇಲ್‌ಗಳಿಲ್ಲ, ಪಕ್ಕಪಕ್ಕ ಕೂತವರು ಮೇಲ್ ಬರೆಯುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಹೋಗಿತ್ತು. ದಾಖಲೆಯಲ್ಲಿ ನನ್ನ ಹೆಸರಿತ್ತು, ಆದರೆ ಆ ಲ್ಯಾಪ್‌ಟಾಪಿನಲ್ಲಿ ಯಾರು ಟೈಪು ಮಾಡಿದ್ದರೂ ಬೀಳುತ್ತಿದ್ದದ್ದು ಅದೇ ಹೆಸರು. ನೆನಪನ್ನು ಕೆದಕಿದರೆ ಕ್ಯಾಲೆಂಡರು, ಫೆಬ್ರವರಿ, ಎರಡು ಕ್ಷಣದ ಮೌನ. ಅಷ್ಟು ನುಣುಪಾದ ನೆನಪು ಬೇರೆಯವರದ್ದಾಗಿದ್ದರೆ ನಾನು ನಂಬುತ್ತಿರಲಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ ಎರ್ನಾಕುಲಂ ಜೆಟ್ಟಿಯಿಂದ ಮಟ್ಟಾಂಚೇರಿಯ ದೋಣಿ ಹತ್ತಿದೆ. ಆ ಪೆಟ್ಟಿಗೆಗೆ ಇಂಟರ್ನೆಟ್ ಇಲ್ಲ. ಆದ್ದರಿಂದ ಅದರೊಳಗಿನ ತಂತ್ರಾಂಶವನ್ನು ಯಾರೂ ಹೊಸತು ಮಾಡಿರಲಾರರು. ನಾವು ಬರೆದ ಮೊದಲ ಪ್ರತಿ, ಯಾರೂ ಒಪ್ಪ ಮಾಡದ ಪ್ರತಿ, ಅಲ್ಲೇ ಇರಬೇಕು. ಕಡತ ಉಳಿಸಿದ ದಿನ ಮತ್ತು ಗಂಟೆ ಸಿಕ್ಕರೆ ಆ ದಿನ ನಾನು ಎಲ್ಲಿದ್ದೆ ಎಂದು ತಾಳೆ ನೋಡಬಹುದು. ಇದು ನನ್ನ ಯೋಜನೆ. ಇದರಲ್ಲಿರುವ ಪೆದ್ದುತನ ದೋಣಿ ಅರ್ಧ ದಾರಿ ಹೋದ ಮೇಲೆ ಹೊಳೆಯಿತು. ಆ ಪೆಟ್ಟಿಗೆಗೆ ದಿನವೂ ಗೊತ್ತಿಲ್ಲ, ಗಂಟೆಯೂ ಗೊತ್ತಿಲ್ಲ. ಅದನ್ನೇ ಅಲ್ಲವೇ ನಾನು ಊರೂರಲ್ಲಿ ಹೇಳಿ ನಗಿಸಿದ್ದು?

ವಾಚನಾಲಯ ನೋಡಿಕೊಳ್ಳುವ ಹಿರಿಯರನ್ನು ನಾವು ಅಲ್ಲಿಯವರಂತೆ ಇಕ್ಕ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದೆವು. ಅವರು ಅದೇ ಕಿಟಕಿಯ ಬಳಿ ಅದೇ ಕುರ್ಚಿಯಲ್ಲಿದ್ದರು. ನನ್ನ ಗುರುತು ಹಿಡಿದು ಸುಲೈಮಾನಿ ಚಹಾ ತರಿಸಿದರು. ಪೆಟ್ಟಿಗೆ ಕಪಾಟಿನ ಮೇಲೆ ಹಸಿರು ದೀಪ ಮಿನುಗಿಸುತ್ತಿತ್ತು. ಅದು ಚೆನ್ನಾಗಿಯೇ ಇದೆ, ನೀನೇ ಸ್ವಲ್ಪ ಸೊರಗಿದ್ದೀಯ ಎಂದರು. ನಾನು ನೇರವಾಗಿಯೇ ಕೇಳಿದೆ: ಪಟ್ಟಿಯ ತೊಂದರೆ ಸರಿಹೋದ ದಿನ ನೆನಪಿದೆಯೇ?

"ಕ್ಯಾಲೆಂಡರ್ ತೋರಿಸಿದ್ದು ಆ ಮೋಳು. ನೀನು ಪಳಂಪೊರಿ ತಿನ್ನಲು ಕೆಳಗೆ ಹೋಗಿದ್ದೆ, ಮೋನೇ."

ಅವರಿಗೆ ಆಕೆ ಮೋಳು, ಮಗಳು; ನಾನು ಮೋನ್, ಮಗ. ಎಷ್ಟು ಖಚಿತವಾಗಿ ಹೇಳಿದರೆಂದರೆ ನನಗೆ ಬಾಯಲ್ಲಿ ಬಾಳೆಹಣ್ಣಿನ ಬಜ್ಜಿಯ ರುಚಿಯೇ ಬಂದಂತಾಯಿತು. ಕೂಡಲೇ ಅವರು ಮುಂದುವರಿಸಿದರು: ಆಗ ನಿನಗೆ ದೊಡ್ಡ ಮೀಸೆ ಇತ್ತು, ಯಾಕೆ ತೆಗೆದೆ? ನಾನು ಜೀವಮಾನದಲ್ಲಿ ಮೀಸೆ ಬಿಟ್ಟವನಲ್ಲ. ಸಾಕ್ಷಿಯೂ ಹೋಯಿತು.

ಲ್ಯಾಪ್‌ಟಾಪನ್ನು ಪೆಟ್ಟಿಗೆಗೆ ಜೋಡಿಸಿದೆ. ಪಾಸ್‌ವರ್ಡನ್ನು ಇಕ್ಕ ಕಿಟಕಿಯಿಂದಲೇ ಬಾಯಿಪಾಠ ಒಪ್ಪಿಸಿದರು. ಕಡತ ಇತ್ತು, ಅದರ ತಾರೀಕು ಅಂದುಕೊಂಡಂತೆಯೇ, ನಾವು ಆ ಪೆಟ್ಟಿಗೆಯನ್ನು ಕೊಳ್ಳುವುದಕ್ಕೂ ಮೊದಲಿನ ಯಾವುದೋ ದಿನ. ಮುಚ್ಚಬೇಕೆಂದಿದ್ದವನು ಸುಮ್ಮನೆ ಸಾಲುಗಳ ಎಡತುದಿಯ ಖಾಲಿ ಜಾಗದ ಮೇಲೆ ಕರ್ಸರ್ ಆಡಿಸಿದೆ.

ಸಾಲನ್ನು ಒಳಗೆ ಸರಿಸಲು ನಾನು ಟ್ಯಾಬ್ ಕೀ ಒತ್ತುವವನು; ಒಂದೇ ನೆಗೆತಕ್ಕೆ ಕರ್ಸರ್ ಅಷ್ಟು ದೂರ ಹಾರುತ್ತದೆ. ಕಡತದ ಉಳಿದ ಭಾಗವೆಲ್ಲ ಹಾಗೆಯೇ ಹಾರಿತು. ಆ ಹನ್ನೊಂದು ಸಾಲುಗಳಲ್ಲಿ ಮಾತ್ರ ಹಾರಲಿಲ್ಲ. ಒಂದೊಂದೇ ಹೆಜ್ಜೆ, ನಾಲ್ಕು ಹೆಜ್ಜೆ. ಯಾರೋ ಸ್ಪೇಸ್ ಬಾರನ್ನು ನಾಲ್ಕು ನಾಲ್ಕು ಸಲ ಒತ್ತಿದ್ದರು. ಲೋಕ ಬಳಸುವ ಪ್ರತಿಯಲ್ಲಿ ಇದು ಕಾಣುವುದಿಲ್ಲ. ಒಪ್ಪಿಕೊಳ್ಳುವಾಗ ಎಲ್ಲರ ಖಾಲಿ ಜಾಗವನ್ನೂ ಒಂದೇ ಅಳತೆಗೆ ತರುವ ಉಪಕರಣ ಅವರಲ್ಲಿದೆ.

ಆಗ ಒಂದು ಸದ್ದು ನೆನಪಾಯಿತು. ಟಕ್ ಟಕ್ ಟಕ್ ಟಕ್. ಸ್ವಲ್ಪ ತಡೆದು ಮತ್ತೆ ನಾಲ್ಕು. ನನಗೆ ಆ ಸದ್ದಿನಿಂದ ತಲೆ ಚಿಟ್ಟು ಹಿಡಿಯುತ್ತಿತ್ತು. ಟ್ಯಾಬ್ ಕೀ ಇರುವುದು ಯಾಕೆ ಎಂದು ಆಕೆಗೆ ಬೈದಿದ್ದೆ, ಹೆಬ್ಬೆರಳಿಗೆ ನೋವಾಗುವುದು ನನಗಲ್ಲವಾ ಎಂದು ಆಕೆ ತಿರುಗಿ ಬೈದಿದ್ದಳು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೇನೂ ಅದರಲ್ಲಿ ಇರಲಿಲ್ಲ. ಆದ್ದರಿಂದಲೇ ಇರಬೇಕು, ಅದು ಸವೆಯದೆ ಉಳಿದಿತ್ತು.

ದೋಣಿಗೆ ಕಾಯುತ್ತ ಜೆಟ್ಟಿಯ ಸಿಮೆಂಟು ಬೆಂಚಿನ ಮೇಲೆ ಕೂತು ತಿದ್ದುಪಡಿ ಕಳಿಸಿದೆ. ಲೇಖಕರ ಪಟ್ಟಿಯಲ್ಲಿ ಆ ಹನ್ನೊಂದು ಸಾಲುಗಳ ಎದುರು ಆಕೆಯ ಹೆಸರು. ಜೊತೆಗೆ ಮೂಲ ಕಡತದ ಪ್ರತಿ, ಖಾಲಿ ಜಾಗದ ವಿವರ. ಯೋಜನೆಯನ್ನು ನಡೆಸುವವರಲ್ಲಿ ಒಬ್ಬರು, ನಾನು ಎಂದೂ ಮುಖ ನೋಡದವರು, ಗುರುವಾರ ಬೆಳಿಗ್ಗೆ ಒಂದೇ ಪ್ರಶ್ನೆ ಕೇಳಿದರು: ನಿಮಗೆ ಇದು ಖಚಿತವೇ?

ಉತ್ತರ ಬರೆಯಲು ಮಧ್ಯಾಹ್ನದವರೆಗೂ ಹಿಡಿಯಿತು. ಹೌದು ಎಂದು ಬರೆದೆ, ಅಳಿಸಿದೆ. ಹೌದು ಎಂದರೆ ಮತ್ತೊಂದು ಕತೆ ಕಟ್ಟಿದಂತೆ. ಅಲ್ಲ ಎಂದರೆ ಆಕೆಯ ಶುಕ್ರವಾರ ಮುಗಿದಂತೆ. ಎರಡು ಸಲ ಚಹಾ ಕುಡಿದು ಬಂದೆ. ಕೊನೆಗೆ ಬರೆದದ್ದು ಇಷ್ಟು: "ಪೂರ್ತಿ ಖಚಿತವಿಲ್ಲ. ಆದರೆ ನಾನು ಬರೆದೆ ಎನ್ನುವುದಕ್ಕೆ ನನ್ನ ಮಾತಲ್ಲದೆ ಬೇರೆ ಪುರಾವೆ ಇಲ್ಲ. ಆಕೆ ಬರೆದಳು ಎನ್ನುವುದಕ್ಕೆ ಕಡತ ಇದೆ."

ಸಂಜೆಗೆ ತಿದ್ದುಪಡಿ ಒಪ್ಪಿಗೆಯಾಯಿತು. ಶುಕ್ರವಾರ ಆಕೆ ಅರ್ಜಿ ಕಳಿಸಿದಳು, ಎರಡು ವಾರದ ಮೇಲೆ ಸಂದರ್ಶನಕ್ಕೆ ಕರೆ ಬಂತು. ಅದನ್ನು ಫೋನಿನಲ್ಲಿ ಹೇಳಿದವಳು ಕಡತದಲ್ಲಿ ಏನು ಸಿಕ್ಕಿತು ಎಂದು ಕೇಳಿದಳು. ಸ್ಪೇಸ್ ಬಾರ್ ಎಂದೆ. ಆಗ ಬೈದದ್ದು ಈಗ ಉಪಯೋಗಕ್ಕೆ ಬಂತಲ್ಲ ಎಂದಳು.

ನನ್ನ ಪಾಡು ಅಲ್ಲಿಗೆ ಮುಗಿಯಲಿಲ್ಲ. ಅದೇ ತಿಂಗಳು ನಮ್ಮ ಹಳೆಯ ಕಾಲೇಜಿನಲ್ಲಿ ಮಾತಾಡಲು ಒಪ್ಪಿಕೊಂಡಿದ್ದೆ, ಇದೇ ವಿಷಯ. ಶನಿವಾರ ಬೆಳಗಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋಗುತ್ತ ಕತೆಯನ್ನು ತಿದ್ದಿದೆ. ಸಭೆಯಲ್ಲಿ ಹೇಳಿದೆ: ತಲೆಯೆತ್ತಿ ಕ್ಯಾಲೆಂಡರ್ ನೋಡಿದವಳು ನನ್ನ ಸಹಪಾಠಿ, ಹನ್ನೊಂದು ಸಾಲು ಬರೆದವಳೂ ಆಕೆಯೇ, ನಾನು ಆಗ ಪಳಂಪೊರಿ ತಿನ್ನುತ್ತಿದ್ದೆ. ಮುಂಚಿಗಿಂತ ಹೆಚ್ಚು ನಕ್ಕರು. ಆಕೆ ಹಿಂದಿನ ಸಾಲಿನಲ್ಲಿ ಕೂತಿದ್ದಳು, ನಗಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದಳು: "ಕ್ಯಾಲೆಂಡರ್ ನೋಡಿದ್ದು ನೀನೇ ಅಲ್ಲವಾ? ಅದನ್ನು ಯಾಕೆ ನನ್ನ ತಲೆಗೆ ಕಟ್ಟಿದ್ದು?"

ಇಕ್ಕ ಹಾಗೆ ಹೇಳಿದರು ಎಂದೆ.

"ಇಕ್ಕನಿಗೆ ಎಂತ ಗೊತ್ತು? ನೀನು ನೋಡಿದೆ, ನೋಡಿ ಬಿದ್ದು ಬಿದ್ದು ನಕ್ಕೆ. ನನಗೆ ನಗು ಬರಲಿಲ್ಲ, ಬರೆಯುವ ಕೆಲಸ ನನಗೆ ಬಿತ್ತಲ್ಲ."

ಆಕೆಗೆ ಎಷ್ಟು ಚೆನ್ನಾಗಿ ನೆನಪಿದೆ ಎಂದು ಕೇಳಬೇಕೆನಿಸಿತು. ಆಕೆಯೂ ನನ್ನ ಕತೆಯನ್ನು ಎಲ್ಲಾದರೂ ಕೇಳಿಸಿಕೊಂಡಿರಬಹುದು. ನನ್ನ ನೆನಪೇ ಸುತ್ತಿ ಬಂದು ಆಕೆಯ ನೆನಪಾಗಿರಬಹುದು. ಅಥವಾ ಕರುಣೆಯಿಂದ ಅರ್ಧ ಪಾಲು ಹಿಂದಿರುಗಿಸುತ್ತಿರಬಹುದು. ಆಕೆಯ ಬಸ್ಸು ಬಂತು, ಕೇಳಲಿಲ್ಲ.

ಸಂಜೆಯ ರೈಲಿನಲ್ಲಿ ಕಾಯಂಕುಳಂ ದಾಟುವವರೆಗೂ ಆ ಗೋಡೆಯನ್ನು ಕಣ್ಣೆದುರು ತರಲು ನೋಡಿದೆ. ಕ್ಯಾಲೆಂಡರ್ ಬರುತ್ತದೆ, ಯಾವುದೋ ಅಂಗಡಿಯವರದ್ದು, ಭಾನುವಾರಗಳು ಕೆಂಪು. ಅದರ ಕೆಳಗೆ ಒಮ್ಮೆ ನಾನು ನಗುತ್ತಿರುತ್ತೇನೆ, ಒಮ್ಮೆ ಆಕೆಯ ಕೈ ಅದನ್ನು ತೋರಿಸುತ್ತಿರುತ್ತದೆ, ಒಮ್ಮೆ ಬರಿಯ ಕುರ್ಚಿ. ಫೋನು ತೆಗೆದು ಭಾಷಣದ ಟಿಪ್ಪಣಿ ತೆರೆದೆ. ಆಕೆಯ ಹನ್ನೊಂದು ಸಾಲನ್ನು ಇದ್ದಂತೆಯೇ ಬಿಟ್ಟೆ. ಕ್ಯಾಲೆಂಡರಿನ ಮುಂದೆ, 'ನೋಡಿದವರು ಇಬ್ಬರಲ್ಲಿ ಒಬ್ಬರು' ಎಂದು ಬರೆದೆ.