ಲಕ್ಕವ್ವನ ಪಾಲಿನ ಬೆಣ್ಣೆ

ಎಪ್ಪತ್ತಾರನೆಯ ಇಸವಿಯಲ್ಲಿ ಸಿಂದಗಿಯ ಡಾಕ್ಟರು ಲಕ್ಕವ್ವನಿಗೆ ಸಕ್ಕರೆ ಕಾಯಿಲೆಯೆಂದು ಹೇಳಿ ರೊಟ್ಟಿ ಬಿಡಿಸಿದರು. "ಮುಂಜಾನೆ ಬೆಣ್ಣಿ, ಕೆನಿಮೊಸರು, ಮೆಂತೆ ಪಲ್ಯ, ಇಷ್ಟ ತಿನ್ರಿ" ಎಂದರು. ಡಾಕ್ಟರಿಗೇನು, ಹೇಳಿಬಿಟ್ಟರು.

ಮರುದಿನ ಮೋರಟಗಿಯ ಮನೆಯಲ್ಲಿ ಅವಳು ನಸುಕಿಗೇ ಎದ್ದು ಮೊಸರು ಕಡೆದು ಬೆಣ್ಣೆ ತೆಗೆದಿಟ್ಟಳು. ಆದರೆ ಗಂಡಸರು ಉಂಡೇಳುವ ಮೊದಲು ಹೆಂಗಸು ತುತ್ತು ಎತ್ತುವ ಮನೆ ಅದಲ್ಲ. ಗಂಡ ಶ್ರೀಶೈಲಪ್ಪ ಕೂತ, ಮೈದುನಂದಿರು ಕೂತರು, ಆಮೇಲೆ ಮಕ್ಕಳು. ಬಿಸಿ ರೊಟ್ಟಿಗೆ ಬೆಣ್ಣೆ ಕೇಳಿದವರಿಗೆ ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ. ಕೊನೆಗೆ ಉಳಿದದ್ದು ಬುಟ್ಟಿಯೊಳಗಿನ ರೊಟ್ಟಿ. ಹಸಿವು ತಡೆಯದೆ ಅದನ್ನೇ ತಿಂದಳು. ದಿನವೂ ಹೀಗೇ ಆಯಿತು.

"ಪಥ್ಯ ನಡದೈತಿಲ್ಲ?" ಎಂದು ಬೆಣ್ಣೆ ಸವರಿದ ರೊಟ್ಟಿ ಮುರಿಯುತ್ತಲೇ ಗಂಡ ಕೇಳುತ್ತಿದ್ದ.

"ನಡದೈತ್ರಿ" ಎನ್ನುತ್ತಿದ್ದಳು.

ಎರಡನೆಯ ವರ್ಷ ಕಾಲಿನ ಹುಣ್ಣು ಕೊಳೆತು ಲಕ್ಕವ್ವ ಸತ್ತಳು.

ಮಣ್ಣು ಮಾಡಿದ ಮೂರನೆಯ ದಿನ ಎಡೆಗೆಂದು ಬಟ್ಟಲ ತುಂಬ ಬೆಣ್ಣೆ ತೆಗೆದಿಟ್ಟಿದ್ದರು. ಹಸಿದಿದ್ದ ಮೈದುನನೊಬ್ಬ ಅದಕ್ಕೆ ಕೈ ಹಾಕಿದ. ಶ್ರೀಶೈಲಪ್ಪ ಅವನ ಕೈ ಹಿಡಿದು ಗದರಿದ:

"ತಡಿಯೋ, ಮೊದಲ ಆಕಿಗಿ ಇಡೂಣು."