ಬಾವಿಯೊಳಗಿನ ಎರಡನೆಯ ಸಾಲು

ಮೇ ತಿಂಗಳ ಒಂದು ಸೋಮವಾರ ಧಾರವಾಡದಿಂದ ಬೆಳಗಿನ ಮೋಟಾರು ಹಿಡಿದೆ. ಬೈಲಹೊಂಗಲಕ್ಕೆ ಒಂದು ರೂಪಾಯಿ ಎರಡು ಆಣೆ. ಅಲ್ಲಿಂದ ಸವದತ್ತಿ ರಸ್ತೆಯಲ್ಲಿ ಆರು ಮೈಲು ಚಕ್ಕಡಿ. ಎರೆಹೊಲಗಳು ಅಂಗೈ ಹೋಗುವಷ್ಟು ಅಗಲ ಬಿರಿದಿದ್ದವು. ನಾನು ಹೊರಟಿದ್ದು ಒಂದು ಹಳ್ಳಿಯ ಕ್ರೈಸ್ತ ಸಭೆಗೆ. ಬೇಸಿಗೆ ರಜೆಯಲ್ಲಿ ಮೂರು ದಿನ ಅಲ್ಲಿಯ ಮಕ್ಕಳಿಗೆ ವೇದಪಾಠ ಹೇಳಬೇಕಿತ್ತು. ಹದಿನೆಂಟು ಮನೆ, ಹೆಂಚಿನ ಸಣ್ಣ ದೇವಾಲಯ, ಅದರ ಹಿಂದೆ ಒಂದು ಬಾವಿ, ಬಾವಿಯ ಪಕ್ಕ ಬೇವಿನ ಮರ.

ಮಂಗಳವಾರ ಎಂಟು ಗಂಟೆಗೇ ಪಾಠ ಮುಗಿಯಿತು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಮಜ್ಜಿಗೆ ಕೊಟ್ಟರು. ಆಮೇಲೆ ಇಡೀ ಸಭೆ ಬಾವಿಯ ಕಡೆ ನಡೆಯಿತು. ಮಳೆಗೆ ಮುಂಚೆ ಹೂಳು ತೆಗೆಯುವುದು ಅವರೆಲ್ಲರ ಬೇಸಿಗೆಯ ಕೆಲಸ. ಮೊದಲು ಉರಿಯುವ ಕಂದೀಲು ಇಳಿಸಿ ನೋಡಿದರು, ಆರಲಿಲ್ಲ. ಸೊಂಟಕ್ಕೆ ಹಗ್ಗವಿಲ್ಲದೆ ಸಮುವೇಲಪ್ಪ ಕಲ್ಲು ಹಿಡಿದು ಇಳಿದ. ಏಳಾಳು ಆಳ.

ಅವನ ಹೆಂಡತಿ ಮಾರ್ಥವ್ವ ಮೇಲಿನಿಂದ ಕೀರ್ತನೆಯ ಒಂದು ಸಾಲು ಎತ್ತಿದಳು. ಎರಡನೆಯ ಸಾಲು ಕೆಳಗಿನಿಂದ ಬಂತು. ಅದೇ ಪದ ಮತ್ತೆ ಮತ್ತೆ ನಡೆಯಿತು. ರಾಡಿ ತುಂಬಿದ ಬುಟ್ಟಿ ಏರುತ್ತಿತ್ತು. ನಿಮ್ಮ ಯಜಮಾನರ ದನಿ ಬಹಳ ಚೆನ್ನಾಗಿದೆ ಎಂದೆ.

“ದೇವಾಲಯದಾಗ ಹಾಡಿದ್ರ ಕೂಸುಗೋಳು ಅಳತಾವ್ರಿ ಮಾಸ್ತರ. ಬಾವ್ಯಾಗ ಅಷ್ಟ ಛಲೋ ಕೇಳತೈತಿ,” ಎಂದಳು. ಬುಟ್ಟಿ ಎಳೆಯುವವರು ನಕ್ಕರು.

ಪದ ನನಗೂ ಬಾಯಿಗೆ ಬಂತು. ಕಟ್ಟೆಯ ಮೇಲೆ ಕುಳಿತು ಎರಡನೆಯ ಸಾಲನ್ನು ಗಟ್ಟಿಯಾಗಿ ಹಾಡತೊಡಗಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಏನೂ ಅನ್ನಲಿಲ್ಲ. ನಾನದನ್ನು ಮೆಚ್ಚುಗೆ ಎಂದುಕೊಂಡೆ. ಐದಾರು ಸಲ ಹಾಡಿರಬೇಕು. ಮಾರ್ಥವ್ವ ಎದ್ದು ಬಂದು ರಾಡಿಯ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಹಾಗೆಯೇ ಹಿಡಿದುಕೊಂಡು ಮೊದಲ ಸಾಲು ಹಾಡಿದಳು.

ಕೆಳಗಿನಿಂದ ಏನೂ ಬರಲಿಲ್ಲ.

ಯಾರೂ ಕೂಗಲಿಲ್ಲ. ಹೆಂಗಸರು ಬಾವಿಯೊಳಗೆ ಕೊಡಗಟ್ಟಲೆ ನೀರು ಸುರಿದರು. ಇಬ್ಬರು ಬೇವಿನ ಟೊಂಗೆಗಳ ಕಟ್ಟನ್ನು ಹಗ್ಗದಿಂದ ಏರಿಸಿ ಇಳಿಸಿ ಒಳಗಿನ ಗಾಳಿ ಕದಲಿಸಿದರು. ಸಮುವೇಲಪ್ಪನ ತಮ್ಮ ಪೇತ್ರ ಮೂಗಿಗೆ ಒದ್ದೆ ಬಟ್ಟೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ನನ್ನ ಗಡಿಯಾರದಲ್ಲಿ ಏಳು ನಿಮಿಷ. ಮೇಲೆ ತಂದಾಗ ಸಮುವೇಲಪ್ಪನ ಮುಖ ಬೂದಿಯ ಬಣ್ಣವಾಗಿತ್ತು. ಬೆನ್ನು ಒತ್ತಿ ಒತ್ತಿ ಬಿಟ್ಟರು. ಕೊನೆಗೆ ಕೆಮ್ಮಿದ, ನೀರು ಕೇಳಿದ. ಹೆಂಗಸರು ನಿಂತ ನಿಂತಲ್ಲೇ ಕುಳಿತುಬಿಟ್ಟರು.

ಕೆದಕಿದ ಹೂಳಿನಿಂದ ಕೆಟ್ಟ ಗಾಳಿ ಏಳುತ್ತದಂತೆ. ಮೈ ಸೋಲುವ ಮೊದಲು ದನಿ ಸೋಲುತ್ತದಂತೆ. ಎರಡನೆಯ ಸಾಲು ಇಳಿದವನೊಬ್ಬನದೇ; ಅದು ನಿಂತರೆ ಅಪಾಯ. ನನ್ನ ಹಾಡಿನಲ್ಲಿ ಅದು ನಿಂತದ್ದೇ ಯಾರಿಗೂ ಗೊತ್ತಾಗಿರಲಿಲ್ಲ. ಮಧ್ಯಾಹ್ನ ಇದು ತಿಳಿದ ಮೇಲೆ ಮಾರ್ಥವ್ವನ ಮುಂದೆ ಹೋಗಿ ನಿಂತೆ. ತಪ್ಪು ನನ್ನದು ಎಂದೆ.

“ನಮ್ದೂ ಐತ್ರಿ,” ಎಂದಳು. “ಧಾರವಾಡದಿಂದ ಬಂದ ಮಾಸ್ತರಿಗೆ ಸುಮ್ಮನಿರ್ರಿ ಅನ್ನಾಕ ನಾಚಿಕಿ ಬಂತು. ನಿಮ್ಮ ಹಾಡು, ನಮ್ಮ ಮರ್ಯಾದಿ, ಎರಡೂ ಕೂಡಿ ಅವನ್ನ ಕೊಲ್ಲತಿದ್ವು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಇನ್ನು ಈ ವರ್ಷ ಬಾವಿ ಮುಟ್ಟುವುದಿಲ್ಲ ಎಂದುಕೊಂಡಿದ್ದೆ. ಬುಧವಾರ ಬೆಳಿಗ್ಗೆ ಮತ್ತೆ ಕಂದೀಲು ಇಳಿಯಿತು, ಅದರ ಹಿಂದೆ ಪೇತ್ರ, ಈ ಸಲವೂ ಹಗ್ಗ ಕಟ್ಟಿಕೊಂಡು. ಸಮುವೇಲಪ್ಪ ಬೇವಿನ ಕೆಳಗೆ ಕಂಬಳಿ ಹೊದ್ದು ಕುಳಿತಿದ್ದ. ನಾನು ದೂರ ಸರಿದು ನಿಂತಿದ್ದೆ. ಮಾರ್ಥವ್ವ ನನ್ನನ್ನು ಕರೆದು ಬಾವಿಯ ಬಾಯಿಯ ಹತ್ತಿರ ಜಾಗ ತೋರಿಸಿದಳು.

“ಇಲ್ಲಿ ಕುಂದರ್ರಿ. ಇವತ್ತ ಹಾಡಬ್ಯಾಡ್ರಿ, ಕೇಳ್ರಿ. ದನಿ ತಪ್ಪಿದ್ರ ನನಗ ಹೇಳ್ರಿ.”

ನನ್ನಿಂದ ಗಂಡನ ಜೀವ ಹೋಗುವುದರಲ್ಲಿದ್ದುದರ ಮರುದಿನವೇ ಮೈದುನನ ಜೀವವನ್ನು ನನ್ನ ಕಿವಿಗೆ ಒಪ್ಪಿಸಿದಳು. ಮೂರು ತಾಸು ಕುಳಿತೆ. ಪ್ರತಿ ಸಲ ಕೆಳಗಿನ ಸಾಲು ಬಂದ ಮೇಲೆಯೇ ಉಸಿರು ಬಿಟ್ಟೆ. ನಡುಹಗಲಿಗೆ ಮೊಳಕಾಲುದ್ದ ತಿಳಿನೀರು ಬಂತು.

ಗುರುವಾರ ಮರಳಿದೆ. ರವಿವಾರ ಧಾರವಾಡದ ನಮ್ಮ ಸಭೆಯಲ್ಲಿ ಕೀರ್ತನೆ ಎತ್ತಿದರು. ಎರಡನೆಯ ಸಾಲಿಗೆ ನನ್ನ ಬಾಯಿ ತೆರೆಯಲಿಲ್ಲ. ಪುಟ ತಪ್ಪಿದೆನೆಂದು ತಿಳಿದು ಪಕ್ಕದವರು ತಮ್ಮ ಪುಸ್ತಕವನ್ನು ನನ್ನ ಕಡೆ ಸರಿಸಿದರು.