ಮಧ್ಯಾಹ್ನ ಎರಡು ಗಂಟೆಯ ಅಳತೆ

ಕಳೆದ ವಾರ ಕೊಯಮತ್ತೂರಿನ ನಮ್ಮ ಕಚೇರಿಯಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ತೆರೆದಾಗ, ಒದ್ದೆ ಹಗ್ಗ ಮತ್ತು ಅಣೆಕಟ್ಟಿನ ಹೂಳಿನ ವಾಸನೆ ಬಂದಿತು. ಹಗ್ಗದ ಪ್ರತಿ ಮೀಟರಿಗೂ ಒಂದು ಕೆಂಪು ರೇಷ್ಮೆ ಎಳೆ ಕಟ್ಟಿತ್ತು. ಹಾಗೆ ಕಟ್ಟುತ್ತಿದ್ದವರು ಒಬ್ಬರೇ...

ಅವರು ನಮ್ಮ ಸರ್ವೇ ತಂಡದ ಹಿರಿಯರು. ಸಿರುಮುಗೈಯ ನೇಕಾರರ ಮನೆಯಲ್ಲಿ ಹುಟ್ಟಿ, ಹಡಗುಗಳಲ್ಲಿ ಸಮುದ್ರತಳದ ನಕ್ಷೆ ಮಾಡುತ್ತ ಅರ್ಧ ಆಯುಷ್ಯ ಕಳೆದು, ಕೊನೆಗೆ ಊರ ಕಡೆಯ ಜಲಾಶಯಗಳಿಗೆ ಮರಳಿದ್ದರು. ನಾನು ಅವಿನಾಶಿಯ ಮಗ್ಗದ ಮನೆಯಿಂದ ಮೊದಲು ಪದವಿ ಪಡೆದವಳು. ತಪ್ಪಾದೀತೆಂಬ ಭಯದಿಂದ ಮಾತಿಗೊಮ್ಮೆ 'ಸರ್' ಎನ್ನುತ್ತಿದ್ದೆ.

"ಸಾರ್ ಗೀರ್ ಎಲ್ಲಾ ವೇಂಡಾಂ ಕಣ್ಣು. ಮನೇಲಿ ಕನ್ನಡ ಆಡೋರು ತಾನೆ ನಾವು? ಮಾಮಾ ಅನ್ನು," ಎಂದು ನಕ್ಕಿದ್ದರು. ತಮಿಳಿನಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವಂತೆ ನನ್ನನ್ನು 'ಕಣ್ಣು' ಎನ್ನುತ್ತಿದ್ದರು.

ದೋಣಿಯ ಅಡಿಯಲ್ಲಿರುವ ಸೋನಾರ್ ನೂರಾರು ಶಬ್ದಕಿರಣಗಳನ್ನು ಬೀಸಣಿಗೆಯಂತೆ ತಳಕ್ಕೆ ಬಿಡುತ್ತದೆ. ನೀರು ಬಿಸಿಯಾದಂತೆ ಶಬ್ದದ ವೇಗವೂ ಬದಲಾಗುತ್ತದೆ. ಕಂಪ್ಯೂಟರಿಗೆ ಹಳೆಯ ವೇಗವನ್ನೇ ಕೊಟ್ಟರೆ ಸಮತಟ್ಟಾದ ತಳವೂ ಎರಡು ಅಂಚುಗಳಲ್ಲಿ ಮೇಲೆದ್ದು ತೊಟ್ಟಿಲಿನಂತೆ ಕಾಣುತ್ತದೆ. ಆದ್ದರಿಂದ ವೇಗ ಅಳೆಯುವ ಕಡ್ಡಿಯನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಹಗ್ಗ ಕಟ್ಟಿ ನೀರಿಗೆ ಇಳಿಸಬೇಕು.

"ಮೊದ್ಲು ನೀರನ್ನ ಕೇಳು, ಆಮೇಲೆ ಗುಂಡಿ ಒತ್ತು. ನಿನ್ ಕಂಪ್ಯೂಟರ್ ಎಷ್ಟು ಓದಿದ್ರೂ ಈಜಕ್ಕೆ ಬರಲ್ಲ," ಎನ್ನುತ್ತಿದ್ದರು ಮಾಮ.

ಸಿರುಮುಗೈ ಬಳಿಯ ಹಿನ್ನೀರಿನಲ್ಲಿ ಕೆಲಸ ನಡೆಯುತ್ತಿದ್ದಾಗ, ಒಂದು ಮಧ್ಯಾಹ್ನ ಅವರು ದಡದಲ್ಲಿ ಊಟಕ್ಕೆ ಕುಳಿತಿದ್ದರು. ನಾನು ದೋಣಿಯಲ್ಲಿದ್ದೆ. ಹಗ್ಗ ಸಿಕ್ಕುಗಟ್ಟಿತ್ತು. ಕೆಲಸ ಕಾಯಂ ಆಗಲು ಇನ್ನೂ ಎರಡು ತಿಂಗಳಿತ್ತು. ನಿಧಾನಗತಿಯವಳೆಂದು ಯಾರೂ ಹೇಳಬಾರದಿತ್ತು. ಕಡ್ಡಿ ಇಳಿಸದೆ, ಬೆಳಗಿನ ಅಂಕಿಯನ್ನೇ ತುಸು ತಿದ್ದಿ, ಎರಡು ಗಂಟೆಯ ಅಳತೆಯೆಂದು ದಾಖಲೆ ಪುಸ್ತಕದಲ್ಲಿ ಬರೆದು, ಕಂಪ್ಯೂಟರಿಗೂ ಅದನ್ನೇ ಕೊಟ್ಟೆ.

ಸಂಜೆಯ ಹೊತ್ತಿಗೆ ಪರದೆಯ ಮೇಲೆ ಅಂಚುಗಳು ಎದ್ದು ನಿಂತವು. ಮಾಮ ಒಂದು ಸಲಕ್ಕೆ ಒಂದೇ ಹೊಂದಾಣಿಕೆಯನ್ನು ಬದಲಿಸುವವರು. ಕಿರಣಗಳ ಕೋನವನ್ನು ಕಿರಿದಾಗಿಸಿದರು. ಶಬ್ದದ ಬಲ ತಗ್ಗಿಸಿದರು. ಸೋನಾರ್ ವಾಲಿದೆಯೇ ಎಂದು ಬಗ್ಗಿ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ಮಧ್ಯಾನ ಕಡ್ಡಿ ಇಳಿಸ್ದೆ ತಾನೆ?"

"ಇಳಿಸ್ದೆ ಮಾಮಾ."

ಅವರು ಮತ್ತೆ ಕೇಳಲಿಲ್ಲ. ಅಂಥ ಬಿಸಿಲಿನಲ್ಲೂ ವೇಗ ಹೆಚ್ಚೇನೂ ಬದಲಾಗಿಲ್ಲವೆಂದರೆ ಕಡ್ಡಿಯೇ ಕೆಟ್ಟಿರಬೇಕೆಂದು ತೀರ್ಮಾನಿಸಿದರು. ಎಷ್ಟೋ ಸಮುದ್ರಗಳನ್ನು ಅಳೆದ ತಮ್ಮ ಸ್ವಂತ ಕಡ್ಡಿಯನ್ನು ಪರೀಕ್ಷೆಗೆ ಕಳುಹಿಸಿದರು. ಬೇರೊಂದನ್ನು ಎರವಲು ತಂದು ಆ ಸಾಲುಗಳನ್ನೆಲ್ಲ ಮತ್ತೆ ಅಳೆದೆವು. ನಕ್ಷೆ ಸರಿಯಾಯಿತು. ತಿಂಗಳ ಬಳಿಕ ವರದಿ ಬಂದಿತು: ಕಡ್ಡಿಯಲ್ಲಿ ಯಾವ ದೋಷವೂ ಇಲ್ಲ.

ಮಾಮ ಆ ಕಾಗದವನ್ನು ಎರಡು ಸಲ ಓದಿದರು. ಆಗಲಾದರೂ ನಾನು ಹೇಳಬಹುದಿತ್ತು...

"ಹಂಗಾದ್ರೆ ನಾನೇ ಎಲ್ಲೋ ಲೆಕ್ಕ ತಪ್ಪಾಗಿ ಇಟ್ಟೆ. ವಯಸಾಯ್ತು, ಬುಡು," ಎಂದರು.

ಅನಂತರ ಅವರು ತಮ್ಮನ್ನು ತಾವು ನಂಬುವುದನ್ನು ಕಡಿಮೆ ಮಾಡಿದರು. ಪ್ರತಿ ಹೊಂದಾಣಿಕೆಗೂ ನನ್ನನ್ನು ಕರೆಯುತ್ತಿದ್ದರು: "ನೀ ಒಂದ್ ಸಲ ನೋಡು ಕಣ್ಣು, ನನ್ ಲೆಕ್ಕ ಮುಂಚಿನಂಗೆ ಇಲ್ಲ." ಮರುವರ್ಷ ದೋಣಿ ಹತ್ತುವುದನ್ನೇ ಬಿಟ್ಟರು. ಅವರ ಸ್ಥಾನ ನನಗೆ ಬಂದಿತು.

ಹೋದ ವರ್ಷ ಅವರು ತೀರಿಕೊಂಡಾಗ ಸಿರುಮುಗೈಗೆ ಹೋಗಿದ್ದೆ. ಅವರ ಮಗಳು ನನ್ನ ಕೈ ಹಿಡಿದು, "ಆ ಹುಡ್ಗಿ ಬರೆದ್ರೆ ಇನ್ನೊಂದ್ ಸಲ ನೋಡೋದೇ ವೇಂಡಾಂ ಅಂತಿದ್ರು ಅಪ್ಪ," ಎಂದಳು. ನಾನು ತಲೆಯಾಡಿಸಿ, ಕಾಫಿ ಕುಡಿದು, ಬಸ್ಸು ಹತ್ತಿದೆ.

ಈಗ ಹೇಳುತ್ತಿದ್ದೇನೆ, ಕೇಳಬೇಕಾದವರು ಇಲ್ಲದಿರುವಾಗ. ಮಾಮ, ಅಂದು ನಿಮ್ಮ ಲೆಕ್ಕ ತಪ್ಪಿರಲಿಲ್ಲ.